ನಿಂಬರಸನ ತಲೆಗೊಂದು ಟೊಪ್ಪಿಗೆ

ಬಹಳ ಹಿಂದೆ, ಹುಲಿಗಳೂ ಕಾವಲು ಕೆಲಸಕ್ಕೆ ಸೇರುತ್ತಿದ್ದ ಕಾಲದಲ್ಲಿ, ಸೋಮಗಿರಿ ಎಂಬ ರಾಜ್ಯವಿತ್ತು. ಅದನ್ನು ನಿಂಬರಸನೆಂಬ ರಾಜ ಆಳುತ್ತಿದ್ದ. ಒಳ್ಳೆಯವನೇ. ಶನಿವಾರಕ್ಕೊಮ್ಮೆ ತಲೆಗೆ ಹರಳೆಣ್ಣೆ ತಿಕ್ಕಿಸಿಕೊಂಡು ಬಿಸಿನೀರು ಹುಯ್ಯಿಸಿಕೊಂಡರೆ ಮುಂದಿನ ಶನಿವಾರದವರೆಗೆ ಯಾರ ಮೇಲೂ ಯುದ್ಧಕ್ಕೆ ಹೋಗುತ್ತಿರಲಿಲ್ಲ. ಎಣ್ಣೆ ತಿಕ್ಕುವ ಕೆಲಸ ಮಲ್ಲಾಜಿಯದು. ರಾಜ್ಯದ ಶಾಂತಿ ಅವಳ ಅಂಗೈಯಲ್ಲಿತ್ತು. ಮಂತ್ರಿಗಳು ಮಾತ್ರ ಅದು ತಮ್ಮ ಜಾಣತನದಿಂದ ಎಂದುಕೊಂಡಿದ್ದರು.

ಹೀಗಿರಲು ಧೂಮಕೇಶನೆಂಬ ಮಾಂತ್ರಿಕ ರಾಜನಿಗೆ ಜರಿಯ ಟೊಪ್ಪಿಗೆಯೊಂದನ್ನು ಕಾಣಿಕೆ ಕೊಟ್ಟ. ರಾಜ ಹಾಕಿಕೊಂಡ. ಮತ್ತೆ ಅದು ತಲೆಯಿಂದ ಕಳಚಿ ಬರಲಿಲ್ಲ. ನಾಲ್ವರು ಜಟ್ಟಿಗಳು ಹಿಡಿದೆಳೆದಾಗ ಟೊಪ್ಪಿಗೆಯ ಜೊತೆ ರಾಜನೂ ಎದ್ದು ಬಂದ. ಅಂದಿನಿಂದ ಧೂಮಕೇಶ ಸಿಂಹಾಸನದ ಮೆಟ್ಟಿಲ ಬಳಿ ಕೂತು ಪಿಸುಗುಟ್ಟಿದ್ದನ್ನು ರಾಜ ಗಟ್ಟಿಯಾಗಿ ಹೇಳುತ್ತಿದ್ದ, ರಾಜ ಹೇಳಿದ್ದು ಆಗುತ್ತಿತ್ತು. "ಇದು ಸರಿಯಲ್ಲ" ಎಂದ ಸೇನಾಪತಿಗೆ "ಹೋರಿಯಾಗು" ಎಂದ. ಸೇನಾಪತಿ ಹೋರಿಯಾದ. ಈ ಸುದ್ದಿಯನ್ನು ಊರಿಗೆ ಸಾರಲು ಹೊರಟವನು ಡಂಗುರದ ಗಿರಿಯಣ್ಣ, ಮಲ್ಲಾಜಿಯ ಗಂಡ. ಅವನು ಮೊದಲ ಬೀದಿ ದಾಟುವ ಮೊದಲೇ ಹುಂಜವಾದ.

ಹಾಗೆ ಆದವರಿಗೆ ಮೊದಮೊದಲು ಮಾತು ಇರುತ್ತಿತ್ತು. ದಿನದಿಂದ ದಿನಕ್ಕೆ ಒಂದೊಂದೇ ಮಾತು ಮರೆಯುತ್ತಿತ್ತು. ಕೊನೆಯ ಮಾತೂ ಮರೆತರೆ ಮುಗಿಯಿತು, ಮತ್ತೆ ಮನುಷ್ಯರಾಗುವಂತಿಲ್ಲ. ಸೇನಾಪತಿಗೆ ಆಗಲೇ ಹುಲ್ಲಿನ ಬಗ್ಗೆ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ.

ಟೊಪ್ಪಿಗೆಯ ಅಂಚಿನಲ್ಲಿ ಕೆಂಪು ದಾರದ ಗಂಟೊಂದಿತ್ತು. ಅದು ಉಣ್ಣೆಕಟ್ಟೆ ಎಂಬ ಊರಿನ ಗುರುತು. ಮೂವತ್ತು ಮನೆಯ ಊರು, ಮೂವತ್ತು ಮನೆಯವರೂ ಟೊಪ್ಪಿಗೆ ಮಾಡುವವರೇ. ಮಾಡಿದವರೇ ಬಿಡಿಸಲಿ ಎಂದು ಮಲ್ಲಾಜಿ ಗಂಡನನ್ನು ಬುಟ್ಟಿಯಲ್ಲಿಟ್ಟುಕೊಂಡು ಅಲ್ಲಿಗೆ ಹೊರಟಳು.

"ಲೇ ಮಲ್ಲಿ, ಎಡಕ್ಕೆ ತಿರುಗೇ, ನನಗೆ ದಾರಿ ಗೊತ್ತು" ಎಂದ ಗಿರಿಯಣ್ಣ.

"ನಿಮಗೆ ದಾರಿ ಗೊತ್ತಿದ್ದಿದ್ದರೆ ಬುಟ್ಟಿಯಲ್ಲಿ ಕೂರುತ್ತಿರಲಿಲ್ಲ. ಸುಮ್ಮನೆ ಮಾತು ಖರ್ಚು ಮಾಡಬೇಡಿ" ಎಂದಳು ಮಲ್ಲಾಜಿ.

ಮೂರು ದಿನ ನಡೆದ ಮೇಲೆ ಊರಬಾಗಿಲು ಬಂತು. ಬಾಗಿಲಲ್ಲಿ ಮುಂಡಾಸು ಕಟ್ಟಿದ ಹುಲಿಯೊಂದು ಕೂತಿತ್ತು.

"ಬರಿತಲೆಯವರಿಗೆ ಪ್ರವೇಶವಿಲ್ಲ. ವಾಪಸು ಹೋಗಮ್ಮ" ಎಂದಿತು ಹುಲಿ.

"ನಾನು ಬಂದಿರುವುದು ವಾಪಸು ಹೋಗುವುದಕ್ಕಲ್ಲ" ಎಂದ ಮಲ್ಲಾಜಿ ಬುಟ್ಟಿಗೆ ಕೈಹಾಕಿ ಗಂಡನನ್ನು ಎತ್ತಿ ತಲೆಯ ಮೇಲೆ ಕೂರಿಸಿಕೊಂಡಳು.

ಹುಲಿ ಬಹಳ ಹೊತ್ತು ನೋಡಿತು. "ಇದಕ್ಕೆ ಜೀವವಿದೆ."

"ಜೀವ ಇರಬಾರದು ಅಂತ ನಿಯಮ ಇದೆಯೇನಪ್ಪ?"

ಹುಲಿಗೆ ನಿಯಮ ಬಾಯಿಪಾಠವಾಗಿತ್ತು. ಹಾಗೆಂದು ಎಲ್ಲೂ ಇರಲಿಲ್ಲ. ಅದು ನಿಟ್ಟುಸಿರುಬಿಟ್ಟು ದಾರಿ ಕೊಟ್ಟಿತು. ಮೇಲೆ ಕೂತಿದ್ದ ಗಿರಿಯಣ್ಣನಿಗೆ ಹುಲಿಯ ಬಗ್ಗೆ ಹೇಳುವುದು ಬೇಕಾದಷ್ಟಿತ್ತು. ಆದರೆ "ಅಯ್ಯೋ" ಒಂದೇ ಸಿಕ್ಕಿತು.

ಊರ ಹಿರಿಯ ಸಣ್ಣೀರಜ್ಜ ಜಗುಲಿಯಲ್ಲಿ ಉಣ್ಣೆ ಬಡಿಯುತ್ತಿದ್ದ. ಮಲ್ಲಾಜಿ ವಿಷಯವನ್ನೆಲ್ಲ ಹೇಳಿದಳು. ಅಜ್ಜ ಕೇಳಿದ್ದು ಎರಡೇ ಪ್ರಶ್ನೆ: "ಟೊಪ್ಪಿಗೆ ಸಡಿಲವಾಯಿತೇ?"

"ಇಲ್ಲ."

"ಬಿಗಿಯೇ?"

"ಗೊತ್ತಿಲ್ಲ. ಮಹಾರಾಜರು ತಮ್ಮ ಮಾತು ಆಡುವುದಿಲ್ಲವಲ್ಲ."

"ಹಾಗಾದರೆ ದೂರೇ ಇಲ್ಲ. ಏಳು ತಲೆಮಾರಿನಿಂದ ನಮ್ಮೂರ ಟೊಪ್ಪಿಗೆ ಸರಿಯಿಲ್ಲ ಅಂತ ಯಾರೂ ಬಂದಿಲ್ಲ ತಾಯಿ. ವಾಪಸು ಹೋಗು."

"ನಾನು ಬಂದಿರುವುದು ವಾಪಸು ಹೋಗುವುದಕ್ಕಲ್ಲ" ಎಂದು ಮಲ್ಲಾಜಿ ಅಲ್ಲೇ ಕೂತಳು.

ಕೂತಲ್ಲಿಂದ ನೋಡಿದಳು. ಟೊಪ್ಪಿಗೆ ಬೇಕೆಂದು ಬಂದವರನ್ನೆಲ್ಲ ಅಜ್ಜ ಮುಂದೆ ಕೂರಿಸಿಕೊಳ್ಳುತ್ತಿದ್ದ. ಅವರ ತಲೆಯ ಮೇಲೆ ಎರಡೂ ಕೈಯಿಟ್ಟು, ಕಣ್ಣುಮುಚ್ಚಿ, ಹಣೆಯಿಂದ ಹಿಂದಲೆಯವರೆಗೆ ಸವರುತ್ತಿದ್ದ. ಆಮೇಲೆಯೇ ಕತ್ತರಿ. ಬಡವನಿರಲಿ, ಜಮೀನ್ದಾರನಿರಲಿ, ಕೈಯಿಡದೆ ಕತ್ತರಿಸುವುದು ಆ ಊರಿನಲ್ಲಿ ಇರಲೇ ಇಲ್ಲ.

"ಅಜ್ಜ, ಮಹಾರಾಜರ ತಲೆಯ ಮೇಲೆ ಕೈಯಿಟ್ಟವರು ಯಾರು?"

ಉಣ್ಣೆ ಬಡಿಯುವ ಸದ್ದು ನಿಂತಿತು. ಅಕ್ಕಪಕ್ಕದ ಜಗುಲಿಗಳಲ್ಲೂ ನಿಂತಿತು.

"ಆ ಧೂಮಕೇಶಯ್ಯ ಅಳತೆಯ ದಾರ ತಂದಿದ್ದ" ಎಂದ ಅಜ್ಜ ತಗ್ಗಿದ ದನಿಯಲ್ಲಿ. "ರಾಜರ ತಲೆಯ ಮೇಲೆ ಕೈಯಿಡುತ್ತೇನೆ ಅಂತ ಕೇಳುವುದು ಹೇಗೆ ತಾಯಿ? ಭಯವಾಯಿತು. ಮರ್ಯಾದೆ ಅಂದುಕೊಂಡೆವು."

"ದಾರಕ್ಕೆ ಸುತ್ತಳತೆ ಗೊತ್ತಾಗುತ್ತದೆ. ಎಡಗಿವಿಯ ಹಿಂದಿನ ತಗ್ಗು ಗೊತ್ತಾಗುತ್ತದೆಯೇ?"

ಐದನೆಯ ವಯಸ್ಸಿನಲ್ಲಿ ನಿಂಬರಸ ಆನೆಯ ಮೇಲಿಂದ ಬಿದ್ದಿದ್ದ. ಆನೆಯೇ ಗೌರವದಿಂದ ಕೆಳಗಿಳಿಸಿತೆಂದು ಅರಮನೆಯ ಚರಿತ್ರೆಯಲ್ಲಿದೆ. ತಲೆಯಲ್ಲಿ ಮಾತ್ರ ತಗ್ಗಿತ್ತು. ಚರಿತ್ರೆ ಮತ್ತು ತಲೆ ಎರಡನ್ನೂ ಬಲ್ಲವಳು ಮಲ್ಲಾಜಿ ಒಬ್ಬಳೇ.

ಅಜ್ಜ ಹಣೆ ಚಚ್ಚಿಕೊಂಡ. "ಅಲ್ಲಿ ಬೆರಳಗಲ ಪೊಳ್ಳು ಉಳಿದಿದೆ. ಮಾಂತ್ರಿಕನ ಪಿಸುಮಾತು ಆ ಪೊಳ್ಳಿನಲ್ಲೇ ಮನೆ ಮಾಡಿಕೊಂಡಿದೆ. ಸರಿಯಾಗಿ ಕೂರುವ ಟೊಪ್ಪಿಗೆ ತಂದಿಟ್ಟರೆ ಹಳೆಯದು ತಾನೇ ಜಾಗ ಬಿಡುತ್ತದೆ. ನಮ್ಮ ಟೊಪ್ಪಿಗೆಗಳಿಗೆ ಅಷ್ಟು ನಾಚಿಕೆಯಿದೆ. ಆದರೆ ತಲೆಯಿಲ್ಲದೆ ಮಾಡುವುದು ಹೇಗೆ?"

"ಮಣ್ಣು ತನ್ನಿ" ಎಂದಳು ಮಲ್ಲಾಜಿ.

ಮೊದಲು ಒಂದು ತಲೆ ಮಾಡಿದಳು. ಅದು ನಾಣ್ಯದ ಮೇಲಿನ ರಾಜನಂತೆ ಸುಂದರವಾಗಿತ್ತು. ಒಡೆದು ಹಾಕಿದಳು. ಎರಡನೆಯದನ್ನು ನೆನಪಿಸಿಕೊಂಡು ಮಾಡಿದಳು. ಅದು ಸಿಂಹಾಸನದ ಮೇಲಿನ ರಾಜನಂತೆ ಗಂಭೀರವಾಗಿತ್ತು. ಅದನ್ನೂ ಒಡೆದಳು.

"ಸಾಕು ತಾಯಿ, ಆಗದು. ವಾಪಸು ಹೋಗು" ಎಂದ ಅಜ್ಜ.

"ಬಂದಿರುವುದು ಅದಕ್ಕಲ್ಲ ಅಂತ ಎಷ್ಟು ಸಲ ಹೇಳಲಿ?"

ಅಂಗೈಗೆ ಹರಳೆಣ್ಣೆ ಸುರಿದುಕೊಂಡಳು. ಕಣ್ಣು ಮುಚ್ಚಿದಳು. ರಾಜನನ್ನು ಮರೆತು ಶನಿವಾರವನ್ನು ನೆನೆದಳು. ಕೈಗಳು ತಾವಾಗಿಯೇ ಹೋದವು: ನೆತ್ತಿ, ಕಪಾಲ, ಎಡಗಿವಿಯ ಹಿಂದೆ ಬಂದು ಹೆಬ್ಬೆರಳು ತಗ್ಗಿಗೆ ಇಳಿಯಿತು. ಕಣ್ತೆರೆದಾಗ ಮಣ್ಣಿನಲ್ಲೊಂದು ಸೊಟ್ಟ ತಲೆಯಿತ್ತು. ಸಣ್ಣೀರಜ್ಜ ಅದರ ಮೇಲೆ ಎರಡೂ ಕೈಯಿಟ್ಟ. ಕತ್ತರಿ ತರಹೇಳಿದ. ಊರಿಗೆ ಊರೇ ಕೂತು ಹೊಲಿಯಿತು.

ಮಲ್ಲಾಜಿ ಆಸ್ಥಾನ ತಲುಪುವಾಗ ಗಿರಿಯಣ್ಣನಿಗೆ ಉಳಿದಿದ್ದುದು ಒಂದೇ ಮಾತು. "ಮಲ್ಲಿ" ಎನ್ನುತ್ತಿದ್ದ. ಹಸಿದರೂ ಮಲ್ಲಿ, ಬಾಯಾರಿದರೂ ಮಲ್ಲಿ. ಅದನ್ನೂ ಅವನು ಅರ್ಧ ಮರೆತಿದ್ದ.

ಅವಳ ಕೈಯಲ್ಲಿದ್ದ ಟೊಪ್ಪಿಗೆ ಕಂಡೊಡನೆ ಧೂಮಕೇಶ ಪಿಸುಗುಟ್ಟಲು ಶುರುಮಾಡಿದ: "ಈಕೆ ಹಲ್ಲಿಯಾಗಲಿ."

"ಈಕೆ" ಎಂದ ರಾಜ.

ಅಷ್ಟರಲ್ಲಿ ಮಲ್ಲಾಜಿ ಸಿಂಹಾಸನದ ಮೆಟ್ಟಿಲು ಹತ್ತಿಯಾಗಿತ್ತು. ಭಟರು ಈಟಿ ಅಡ್ಡ ಹಿಡಿದರು. ಅವಳು ಬಗ್ಗಿ ನುಸುಳಿದಳು. ಎರಡೂ ಕೈಯಿಂದ ಹೊಸ ಟೊಪ್ಪಿಗೆಯನ್ನು ರಾಜನ ತಲೆಗೆ ಒತ್ತಿದಳು. ಹಳೆಯದು ಮುಜುಗರದಿಂದ ಸರಿದು ಕೆಳಗೆ ಹಾರಿತು. ಕೆಳಗಿದ್ದ ಒಂದೇ ಬರಿತಲೆ ಧೂಮಕೇಶನದು. ಅದು ಅವನ ಮೂಗಿನವರೆಗೂ ಇಳಿಯಿತು, ಉಳಿದ "ಹಲ್ಲಿಯಾಗಲಿ" ಎಂಬ ಮಾತು ಪೊಳ್ಳಿನಿಂದ ನೇರ ಅವನ ಕಿವಿಗೇ ಬಿತ್ತು. ಟೊಪ್ಪಿಗೆ ನೆಲಕ್ಕೆ ಬಿದ್ದಾಗ ಅದರೊಳಗಿಂದ ಒಂದು ಹಲ್ಲಿ ಹೊರಬಂದು ಗೋಡೆ ಹತ್ತಿತು.

"ತಲೆ ಹಗುರವಾಯಿತು" ಎಂದ ನಿಂಬರಸ, ತನ್ನದೇ ದನಿಯಲ್ಲಿ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ಅಂದಿನಿಂದ ಆ ಆಸ್ಥಾನದಲ್ಲಿ ಯಾರು ನಿಜ ಹೇಳಿದರೂ ಅದಕ್ಕೆ ಲೊಚಗುಟ್ಟದೆ ವಿಧಿಯಿಲ್ಲ. ಮೊದಲ ಕೆಲವು ವರ್ಷ ಅದಕ್ಕೆ ಅಂಥ ದುಡಿಮೆಯೇನೂ ಇರಲಿಲ್ಲವಂತೆ.

ಸೇನಾಪತಿ ಹಿತ್ತಲಲ್ಲಿ ಎರಡು ಕಾಲಿನ ಮೇಲೆ ಎದ್ದು ನಿಂತು ಬಟ್ಟೆ ಕೇಳಿದ. ಮಲ್ಲಾಜಿಯ ಬುಟ್ಟಿ ಒಡೆಯಿತು. ಗಿರಿಯಣ್ಣ ಆರಡಿ ಎತ್ತರಕ್ಕೆ ನಿಂತ, ಕಣ್ಣರಳಿಸಿ ಅವಳನ್ನೇ ನೋಡಿದ.

"ಮಲ್ಲಿ" ಎಂದ. ತಡೆದ. ಇನ್ನೊಂದು ಮಾತಿಗೆ ತಡಕಾಡಿದ.

"ಮಲ್ಲಿ, ಬುಟ್ಟಿ ಬಹಳ ಚುಚ್ಚುತ್ತಿತ್ತು ಕಣೇ" ಎಂದ ಗಿರಿಯಣ್ಣ.

ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವಳು ಸುಮ್ಮನಿರಿ ಎನ್ನಲಿಲ್ಲ. ಮೆಟ್ಟಿಲ ಮೇಲೇ ಕೂತು, "ಆಮೇಲೆ?" ಎಂದಳು. ಅವನು ಸಂಜೆಯವರೆಗೆ ಹೇಳಿದ. ಸೋಮಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು, ಅವಳು ಕೇಳುತ್ತಲೇ ಇದ್ದಳು.