ಮಂದೆ ಬಿಟ್ಟು ಬಾರದ ಕೆಂಚಿ

"ಅದು ಕುದುರೆ ಅಲ್ಲ ಕಣೇ, ಕುರಿ! ಉಣ್ಣೆ ಇಲ್ದಿರೋ ದೊಡ್ಡ ಕುರಿ!"

ರೇವಂತ್ ಸೈಕಲ್ಲನ್ನು ಬೇಲಿಗೆ ಒರಗಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಪಕ್ಕದಲ್ಲಿ ಭುವನಾ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಇಬ್ಬರೂ ಹರ್ಷಿತಾಳ ಕ್ಲಾಸಿನವರೇ. ಐದನೇ ಕ್ಲಾಸು.

ಹರ್ಷಿತಾಳಿಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಅವಳು ಹಗ್ಗವನ್ನು ಇನ್ನೂ ಜೋರಾಗಿ ಎಳೆದಳು. ಹಗ್ಗದ ಆ ತುದಿಯಲ್ಲಿ ಕೆಂಚಿ ನಾಲ್ಕು ಕಾಲನ್ನೂ ನೆಲಕ್ಕೆ ನೆಟ್ಟು ನಿಂತಿತ್ತು. ಗಿಡ್ಡ ಜಾತಿಯ ಕೆಂಪು ಹೆಣ್ಣುಕುದುರೆ. ಮೈ ದಾರಿಯಲ್ಲಿದ್ದರೂ ಅದರ ಕಣ್ಣು, ಕಿವಿ, ಮನಸ್ಸು ಎಲ್ಲವೂ ಹಿಂದಿನ ಹೊಲದಲ್ಲಿದ್ದವು. ಶೇಂಗಾ ಕಿತ್ತು ಮುಗಿದ ಆ ಹೊಲದಲ್ಲಿ ತಾತನ ಕುರಿಗಳು ಮೇಯುತ್ತಿದ್ದವು.

"ಬಾರೇ! ಒಂದೇ ಒಂದು ಹೆಜ್ಜೆ ಬಾರೇ. ನನ್ನ ಮಾನ ಕಳೀಬೇಡ!"

ಕೆಂಚಿ ಕತ್ತು ಒದರಿತು. ಹಗ್ಗ ಹರ್ಷಿತಾಳ ಕೈಯಿಂದ ಜಾರಿತು. ಕೆಂಚಿ ನೇರವಾಗಿ ಮಂದೆಯ ನಡುವೆ ಹೋಗಿ ನಿಂತುಕೊಂಡಿತು. ಒಂದು ಮುದಿ ಕುರಿ ಬಂದು ಅದರ ಕಾಲಿಗೆ ಮೈ ಉಜ್ಜಿತು. ಪರದೇಶಕ್ಕೆ ಹೋಗಿದ್ದ ಮಗಳು ಮನೆಗೆ ಬಂದಳೇನೋ ಎಂಬಂತೆ!

"ಇದ್ರ ಮೇಲೆ ಕೂತ್ಕಂಡು ನೀನು ಕಿತ್ತೂರು ಚೆನ್ನಮ್ಮ ಆಗ್ತೀಯ?" ಎಂದ ರೇವಂತ್. "ಬ್ರಿಟಿಷರು ಬಂದ್ರೆ ಇದು ಕುರಿ ಹಿಂದೆ ಬಚ್ಚಿಟ್ಕಂತೈತೆ, ಬುಡು!"

"ನೋಡ್ತಾ ಇರು ಕಣ್ಲಾ! ರಾಜ್ಯೋತ್ಸವದ ದಿನ ಇದ್ರ ಮೇಲೆ ಕೂತ್ಕಂಡು ಬಸ್‌ಸ್ಟ್ಯಾಂಡ್ ತಂಕ ಬತ್ತೀನಿ. ಆಗ ಬಾಯಿ ಮುಚ್ಕಬೇಕು ನೀನು."

ಹೇಳುವುದೇನೋ ಹೇಳಿದಳು. ಈ ಫಜೀತಿಗೆಲ್ಲ ಕಾರಣವೇ ಅವಳ ಬಾಯಿ. ಹೋದ ವಾರ ಕ್ಲಾಸಿನಲ್ಲಿ ಜಗದಾಂಬ ಮಿಸ್, "ಮೆರವಣಿಗೆಗೆ ಚೆನ್ನಮ್ಮ ಯಾರು ಆಗ್ತೀರ?" ಎಂದು ಕೇಳಿದ್ದರು. ಭುವನಾ ಮೊದಲು ಕೈ ಎತ್ತಿದ್ದಳು. ಡೈಲಾಗನ್ನೂ ಒಂದು ತಪ್ಪಿಲ್ಲದೆ ಹೇಳಿದ್ದಳು. ಇನ್ನೇನು ಮಿಸ್ ಅವಳ ಹೆಸರು ಹೇಳಬೇಕು, ಅಷ್ಟರಲ್ಲಿ ಹರ್ಷಿತಾ ಎದ್ದು ನಿಂತು, "ಮಿಸ್, ನಮ್ಮನೇಲಿ ನಿಜವಾದ ಕುದುರೆ ಐತೆ!" ಎಂದು ಕೂಗಿಬಿಟ್ಟಿದ್ದಳು.

ಇಡೀ ಕ್ಲಾಸು ಹೋ ಎಂದಿತ್ತು. ನಿಜವಾದ ಕುದುರೆಯ ಮುಂದೆ ಡೈಲಾಗು ಯಾರಿಗೆ ಬೇಕು? ಪಾತ್ರ ಹರ್ಷಿತಾಳಿಗೆ ಬಂತು.

"ಆದ್ರೆ ಕುದುರೆ ಬರ್ಲಿಲ್ಲ ಅಂದ್ರೆ ಭುವನಾನೇ ಚೆನ್ನಮ್ಮ," ಎಂದಿದ್ದರು ಮಿಸ್.

ಕುದುರೆ ಇರುವುದು ನಿಜ. ಅದು ಮಂದೆ ಬಿಟ್ಟು ಬರುವುದಿಲ್ಲ ಎಂಬುದನ್ನು ಮಾತ್ರ ಹರ್ಷಿತಾ ಹೇಳಿರಲಿಲ್ಲ.

ಕೆಂಚಿ ಹಾಗೆ ಆದದ್ದಕ್ಕೂ ಕಾರಣವಿತ್ತು. ಅದು ಪುಟ್ಟ ಮರಿಯಾಗಿದ್ದಾಗ ಬೆಳಗಾವಿ ಕಡೆಯ ಕುರಿಗಾರರು ಮೇವು ಹುಡುಕಿಕೊಂಡು ಇವರ ಊರು ಮಿಡಿಗೇಶಿ ತನಕ ಬಂದಿದ್ದರು. ದಾರಿಯಲ್ಲಿ ತಾಯಿಕುದುರೆ ಸತ್ತುಹೋಗಿತ್ತು. ಕುಂಟುತ್ತಿದ್ದ ಮರಿಯನ್ನು ಅವರು ತಾತ ಚಿಕ್ಕರಂಗಯ್ಯನಿಗೆ ಕೊಟ್ಟು ಮುಂದೆ ಹೋಗಿದ್ದರು. ತಾತ ಅದನ್ನು ಕುರಿ ಕೂಡುವ ರೊಪ್ಪದೊಳಗೇ ಬಿಟ್ಟ. ಕುರಿಮರಿಗಳ ಮಧ್ಯೆ ಮಲಗಿ, ಅವುಗಳ ಬಾನಿಯಲ್ಲೇ ನೀರು ಕುಡಿದು ಅದು ಬೆಳೆಯಿತು. ಈಗ ಮಂದೆಯ ಸುತ್ತ ಕಟ್ಟುವ ತಾತನ ಬಲೆ, ಪಾತ್ರೆ, ಆಗತಾನೆ ಹುಟ್ಟಿದ ಮರಿಗಳನ್ನು ಹೊತ್ತು ಮಂದೆಯ ಹಿಂದೆ ನಡೆಯುತ್ತದೆ. ಕುರಿ ಎದ್ದರೆ ಏಳುತ್ತದೆ, ಕುರಿ ನಿಂತರೆ ನಿಲ್ಲುತ್ತದೆ. ಮಂದೆಯ ನಡುವೆ ಇದ್ದಾಗ ಹರ್ಷಿತಾ ಬೆನ್ನೇರಿ ಕೂತರೂ ಸುಮ್ಮನಿರುತ್ತದೆ. ಮಂದೆ ಕಣ್ಣಿಗೆ ಮರೆಯಾದರೆ ಮಾತ್ರ ಅದರ ಜೀವ ಬಾಯಿಗೆ ಬರುತ್ತದೆ.

ಅವತ್ತು ಸಂಜೆ ಅಜ್ಜಿ ಗಂಗಲಕ್ಷ್ಮಮ್ಮನ ಹತ್ತಿರ ಒಂದು ಉಪಾಯ ಸಿಕ್ಕಿತು.

"ಹೊಸ ಕೋಳಿ ತಂದಾಗ ಏನ್ ಮಾಡ್ತೀವಿ? ಒರಳುಕಲ್ಲಿಗೆ ಸುತ್ತು ಹಾಕಿಸಿ ಬುಡ್ತೀವಿ. ಆಮ್ಯಾಕೆ ಎಲ್ಲಿಗೆ ಓದ್ರೂ ನಮ್ಮನೆಗೇ ಬತ್ತೈತೆ. ಕುದುರೆಗೂ ಅಂಗೇ ಮಾಡು. ನಿನ್ನ ಮಾತು ಕೇಳ್ತೈತೆ."

"ಅಜ್ಜಿ, ಕೋಳೀನ ಕೈಯಾಗೆ ಹಿಡ್ಕಂಡು ಸುತ್ತಿಸ್ತೀಯ. ಇದನ್ನ ಯಾರು ಎತ್ಕಳೋದು?"

"ನಡೆಸ್ಕಂಡು ಸುತ್ತಿಸೇ, ದಡ್ಡಿ!"

ಹಿತ್ತಲಿನ ಒರಳುಕಲ್ಲಿನ ಪಕ್ಕವೇ ರೊಪ್ಪ ಇದ್ದುದರಿಂದ ಕೆಂಚಿ ಮನಸ್ಸಿಲ್ಲದ ಮನಸ್ಸಿನಿಂದ ಬಂತು. ಒಂದು ಸುತ್ತು ಆಯಿತು. ಎರಡನೆಯ ಸುತ್ತಿಗೆ ಒರಳಿನೊಳಗೆ ಮೂತಿ ಇಟ್ಟು, ಅಜ್ಜಿ ಚಟ್ನಿಗೆಂದು ಕುಟ್ಟಿಟ್ಟಿದ್ದ ಹುರಿಗಡಲೆಯನ್ನು ಗುಳುಂ ಮಾಡಿತು. ಮೂರನೆಯ ಸುತ್ತಿಗೆ ಪೌಡರ್ ಬಳಿದಂತೆ ಮುಖವೆಲ್ಲ ಬಿಳಿ ಹಿಟ್ಟು.

"ಅಯ್ಯೋ ನನ್ನ ಕಡಲೆ!" ಎಂದು ಅಜ್ಜಿ ಪೊರಕೆ ಹಿಡಿದು ಬಂದಳು. ಕೆಂಚಿ ರೊಪ್ಪಕ್ಕೆ ಓಡಿತು. ಒರಳುಕಲ್ಲಿನ ಮಹಿಮೆ ಅಲ್ಲಿಗೆ ಮುಗಿಯಿತು.

ಮರುದಿನ ಹರ್ಷಿತಾ ತನ್ನದೇ ಬುದ್ಧಿ ಓಡಿಸಿದಳು. ಮಂದೆಗೆಲ್ಲ ಮುಂದಾಳಾಗಿ ನಡೆಯುವ ಟಗರಿನ ಕೊರಳಲ್ಲಿ ಒಂದು ಗಂಟೆ ಇದೆ. ಅದರ ಸದ್ದು ಎಲ್ಲಿ ಹೋದರೆ ಮಂದೆ ಅಲ್ಲಿ, ಕೆಂಚಿಯೂ ಅಲ್ಲಿ. ಬೆಳಗ್ಗೆ ತಾತ ಮುಖ ತೊಳೆಯುತ್ತಿದ್ದಾಗ ಅವಳು ಆ ಗಂಟೆಯನ್ನು ಬಿಚ್ಚಿಕೊಂಡಳು. ಕೆಂಚಿಯ ಹಗ್ಗ ಹಿಡಿದು, ಗಂಟೆ ಆಡಿಸುತ್ತಾ ಹೊರಟಳು.

ಟಣ್ ಟಣ್. ಕೆಂಚಿ ಬಂತು! ಎಳೆಯಬೇಕಾಗಲೇ ಇಲ್ಲ. ಬೇವಿನ ಮರ ದಾಟಿತು. ಕೆರೆಯ ಏರಿ ಹತ್ತಿತು. ಹರ್ಷಿತಾಳಿಗೆ ಕುಣಿಯುವಷ್ಟು ಖುಷಿ. ಏರಿಯ ಆ ಬದಿಗೆ ಇಳಿದಾಗ ಕೆಂಚಿ ನಿಂತು ಸುತ್ತಲೂ ನೋಡಿತು. ಗಂಟೆ ಇದೆ, ಕುರಿ ಇಲ್ಲ. ಒಂದು ಬಾಲವೂ ಕಾಣುತ್ತಿಲ್ಲ.

ಅದು ಕೆನೆಯಿತು. ಅಂಥ ಕೂಗನ್ನು ಹರ್ಷಿತಾ ಯಾವತ್ತೂ ಕೇಳಿರಲಿಲ್ಲ. ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಕೂಗಿನಂತಿತ್ತು. ಮರುಕ್ಷಣ ಅದು ತಿರುಗಿ ಓಡಿತು. ಹಗ್ಗ ಬಿಡದ ಹರ್ಷಿತಾ ಏರಿಯ ಜಲ್ಲಿಯ ಮೇಲೆ ಮುಗ್ಗರಿಸಿ ಬಿದ್ದಳು. ಎರಡೂ ಅಂಗೈ ತರಚಿಹೋದವು.

ಮನೆಗೆ ಬಂದರೆ ತಾತ ಕೆಂಡವಾಗಿದ್ದ.

"ಗಂಟೆ ಬಿಚ್ಚಕ್ಕೆ ಯಾರೇ ಏಳಿದ್ದು ನಿಂಗೆ? ಕುರಿಯೆಲ್ಲ ದಿಕ್ಕೆಟ್ಟು ಊರು ತುಂಬ ಚೆದುರ್ಕಂಡವೆ!"

"ಅದು ಬರ್ತಾ ಇರ್ಲಿಲ್ಲ ತಾತ, ಅದಕ್ಕೇ..."

"ಅದಕ್ಕೆ ಮೋಸ ಮಾಡ್ದೆ. ಇನ್ನ ನೀನು ಕರೆದ್ರೆ ಬತ್ತೈತಾ ನೋಡು."

ಬರಲಿಲ್ಲ. ಮಾರನೆಯ ದಿನ ಹರ್ಷಿತಾ ರೊಪ್ಪದ ಹತ್ತಿರ ಬಂದರೆ ಕೆಂಚಿ ಆ ಮೂಲೆಗೆ ಹೋಗಿ ನಿಂತಿತು. ಬೆಲ್ಲ ತೋರಿಸಿದರೆ ಮುಖ ತಿರುಗಿಸಿತು. ಬೆಲ್ಲವೆಂದರೆ ಪ್ರಾಣ ಬಿಡುವ ಕುದುರೆ! ಹರ್ಷಿತಾ ಆ ಬೆಲ್ಲವನ್ನು ತಾನೇ ತಿಂದಳು. ರುಚಿಸಲಿಲ್ಲ.

ದಸರಾ ರಜೆ ಇನ್ನೂ ಉಳಿದಿತ್ತು. ಬೇರೆ ಕೆಲಸವಿಲ್ಲದೆ ಅವಳು ತಾತನ ಜೊತೆ ಹೊಲಕ್ಕೆ ಹೋಗತೊಡಗಿದಳು. ಹಗ್ಗ ಮುಟ್ಟಲಿಲ್ಲ, ಕರೆಯಲೂ ಇಲ್ಲ. ಮಂದೆಯ ಮಧ್ಯೆ ಕೂತು, ಮಣ್ಣು ಕೆದಕಿ, ಉಳಿದುಹೋದ ಶೇಂಗಾ ಆರಿಸಿ ತಿನ್ನುತ್ತಿದ್ದಳು. ಕುರಿಗಳು ಅವಳನ್ನು ಸುತ್ತಿ ಮೇಯುತ್ತಿದ್ದವು. ಒಂದು ದಿನ ಮಧ್ಯಾಹ್ನ ಬೆನ್ನಿಗೆ ಬಿಸಿ ಉಸಿರು ತಾಕಿತು. ಅವಳು ತಿರುಗಲಿಲ್ಲ. ಸಿಪ್ಪೆ ಸುಲಿದ ಶೇಂಗಾವನ್ನು ಅಂಗೈಯಲ್ಲಿಟ್ಟು ಹಿಂದಕ್ಕೆ ಚಾಚಿದಳು. ಮೆತ್ತನೆಯ ತುಟಿಯೊಂದು ತರಚಿದ ಜಾಗವನ್ನು ಸವರಿ, ಕಾಳನ್ನು ಎತ್ತಿಕೊಂಡಿತು.

"ಉರೀತೈತೆ ಕಣೇ, ಮೆಲ್ಲಗೆ," ಎಂದಳು ಹರ್ಷಿತಾ. ನಗು ಬಂತು.

ಮರುದಿನ ಅವಳು ಹಗ್ಗ ಹಾಕಿ ಬೇವಿನ ಮರದ ತನಕ ನಡೆಸಿದಳು. ಅಲ್ಲಿಗೆ ಬರುತ್ತಲೇ ಕೆಂಚಿಯ ಕಿವಿಗಳು ಹಿಂದಕ್ಕೆ ತಿರುಗಿದವು. ಹೆಗಲಿನ ಚರ್ಮ ನೊಣ ಕೂತಂತೆ ನಡುಗಿತು. ಹರ್ಷಿತಾಳಿಗೆ ಜಲ್ಲಿಯ ಮೇಲೆ ಬಿದ್ದದ್ದು ನೆನಪಾಯಿತು. ಮತ್ತೆ ಬೀಳುವ ಧೈರ್ಯ ಅವಳಿಗಿರಲಿಲ್ಲ.

"ಆಯ್ತು ಬುಡು. ವಾಪಸ್ ಹೋಗನ ನಡಿ."

ಅವಳು ತಿರುಗಿದ ಕೂಡಲೇ ಕೆಂಚಿ ಉದ್ದಕ್ಕೆ ಉಸಿರು ಬಿಟ್ಟಿತು. ಮಂದೆಯ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತಿತು. ಹರ್ಷಿತಾ ಸುಮ್ಮನೆ ಮತ್ತೆ ಮರದ ಕಡೆ ಹೊರಟಳು. ಈ ಸಲ ಮರದ ಹತ್ತಿರ ಕಿವಿ ತಿರುಗಲಿಲ್ಲ! ಮರ ದಾಟಿ ಇನ್ನೂ ಸ್ವಲ್ಪ ಬಂತು. ಆಮೇಲೆ ಕಿವಿ ತಿರುಗಿತು. ಹರ್ಷಿತಾಳೂ ತಿರುಗಿದಳು.

ಅಲ್ಲಿಂದ ಅದೇ ಅವರ ಆಟ. ಕಿವಿ ತಿರುಗಿತೋ, ವಾಪಸ್. ಹೆಗಲು ನಡುಗಿತೋ, ವಾಪಸ್. ಒಂದು ದಿನ ಕೆರೆಯ ಏರಿ, ಇನ್ನೊಂದು ದಿನ ಮೋರಿ, ಮತ್ತೊಂದು ದಿನ ಹಾಲಿನ ಡೈರಿ. ಡೈರಿಯ ಮುಂದೆ ಟೆಂಪೋ ಹಾರ್ನ್ ಹೊಡೆದ ದಿನ ಮಾತ್ರ ಮತ್ತೆ ಮೋರಿಯಿಂದಲೇ ಶುರುಮಾಡಬೇಕಾಯಿತು.

ಅಜ್ಜಿಗೆ ಇದೆಲ್ಲ ತಮಾಷೆ. "ಅರ್ಧ ದಾರಿ ತಂಕ ಓಗಿ ವಾಪಸ್ ಬರಕ್ಕೆ ಕುದುರೆ ಯಾಕೆ ಬೇಕೇ? ನಿಮ್ಮಪ್ಪನೇ ಇಲ್ವ? ಸೋಪು ತತ್ತೀನಿ ಅಂತ ಓಗ್ತಾನೆ, ಟೀ ಕುಡ್ದು ಬರಿಗೈಯಾಗೆ ಬತ್ತಾನೆ."

ಒಳಗಿನಿಂದ ಅಪ್ಪ ರಂಗೇಶ್ ಕೆಮ್ಮಿದ. ಅಮ್ಮ ಕಿಸಕ್ಕೆಂದಳು.

ರಾಜ್ಯೋತ್ಸವ ಬಂದೇಬಿಟ್ಟಿತು. ಅಮ್ಮ ತನ್ನ ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಡಿಸಿದಳು. ಅಪ್ಪ ರಟ್ಟಿನ ಕತ್ತಿಗೆ ಬೆಳ್ಳಿ ಬಣ್ಣದ ಪೇಪರ್ ಸುತ್ತಿಕೊಟ್ಟ. ಕೆಂಚಿಯ ಕೊರಳಿಗೆ ಹಳದಿ ಕೆಂಪು ರಿಬ್ಬನ್ ಕಟ್ಟಿದರು. ಹರ್ಷಿತಾ ಹಗ್ಗ ಹಿಡಿದು ನಡೆದಳು. ಬೇವಿನ ಮರ, ಏರಿ, ಮೋರಿ, ಡೈರಿ. ಅದರಾಚೆಗೆ ಇಬ್ಬರೂ ಒಟ್ಟಿಗೆ ಹೋಗಿಯೇ ಇರಲಿಲ್ಲ. ಕೆಂಚಿ ಅವಳ ಹೆಗಲ ಪಕ್ಕದಲ್ಲೇ ಬಂತು. ಅಂಗಡಿ ಬೀದಿ ದಾಟಿತು. ಇಗೋ, ಸ್ಕೂಲಿನ ಗೇಟು!

"ಬಂತು! ಕುದುರೆ ಬಂತು!" ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ರೇವಂತನ ಬಾಯಿ ತೆರೆದದ್ದು ತೆರೆದೇ ಇತ್ತು. ಹರ್ಷಿತಾ ರಾಣಿಯಂತೆ ಗತ್ತಿನಿಂದ ಕತ್ತಿ ಎತ್ತಿದಳು.

"ಶಾಬಾಸ್ ಹರ್ಷಿತಾ!" ಎಂದರು ಜಗದಾಂಬ ಮಿಸ್. "ಹತ್ತಿ ಕೂತ್ಕೊ. ಬಸ್‌ಸ್ಟ್ಯಾಂಡ್ ತನಕ ಹೋಗಿ ಬರೋಣ."

ಅಷ್ಟರಲ್ಲಿ ತಮಟೆ ಶುರುವಾಯಿತು. ಮೈಕಿನಲ್ಲಿ ಹಾಡು ಜೋರಾಯಿತು. ಹರ್ಷಿತಾ ಕೆಂಚಿಯ ಬೆನ್ನ ಮೇಲೆ ಕೈ ಇಟ್ಟಳು. ಕೈ ಕೆಳಗೆ ಚರ್ಮ ನಡುಗುತ್ತಿತ್ತು.

ಅವಳು ಕಿವಿ ನೋಡಿದಳು. ಎರಡೂ ಹಿಂದಕ್ಕೆ ತಿರುಗಿದ್ದವು.

'ಸ್ವಲ್ಪ ದೂರ ತಾನೇ,' ಎಂದುಕೊಂಡಳು. ಬಸ್‌ಸ್ಟ್ಯಾಂಡ್ ಅಲ್ಲೇ ಕಾಣುತ್ತಿತ್ತು. ಗಟ್ಟಿಯಾಗಿ ಹಿಡಿದರೆ ಕೆಂಚಿ ಬಂದರೂ ಬಂದೀತು. ಅದು ಅವಳನ್ನೇ ನೋಡುತ್ತಿತ್ತು. ಕೆನೆಯಲಿಲ್ಲ, ಹಗ್ಗ ಎಳೆಯಲಿಲ್ಲ. ಕಾಯುತ್ತಾ ನಿಂತಿತ್ತು.

"ಯಾಕೆ, ಬರಲ್ವಂತಾ?" ಎಂದ ರೇವಂತ್. "ನಾವು ಹಿಂದಿಂದ ತಳ್ತೀವಿ ತಡಿ. ಬನ್ರೋ!"

"ಯಾರಾದ್ರೂ ಮುಟ್ಟಿದ್ರೆ ನೋಡಿ!" ಹರ್ಷಿತಾ ಎಷ್ಟು ಜೋರಾಗಿ ಕೂಗಿದಳೆಂದರೆ ತಮಟೆಯವರೂ ಒಂದು ಕ್ಷಣ ನಿಲ್ಲಿಸಿದರು. ಅವಳು ಮಿಸ್ ಕಡೆ ತಿರುಗಿದಳು. "ಮಿಸ್, ಕೆಂಚಿಗೆ ಇಷ್ಟೇ ಸಾಕಂತೆ. ನಾನು ವಾಪಸ್ ಕರ್ಕಂಡು ಹೋಗ್ತೀನಿ."

"ಏನಮ್ಮ ನೀನು! ಇಷ್ಟು ದೂರ ಬಂದು?"

"ಹೂ ಮಿಸ್."

ಭುವನಾ ಗೇಟಿನ ಹತ್ತಿರವೇ ನಿಂತಿದ್ದಳು. ಹರ್ಷಿತಾ ಕತ್ತಿಯನ್ನು ಅವಳ ಕೈಗೆ ತುರುಕಿದಳು. "ಡೈಲಾಗ್ ನೆನಪೈತೇನೆ?"

ಭುವನಾ ಕಣ್ಣರಳಿಸಿ ತಲೆಯಾಡಿಸಿದಳು.

"ಜೋರಾಗಿ ಹೇಳು ಮತ್ತೆ."

ಹಿಂದಿನಿಂದ ರೇವಂತ್ ಏನೋ ಅಂದ, ಹುಡುಗರು ನಕ್ಕರು. ಹರ್ಷಿತಾ ತಿರುಗಿ ನೋಡಲಿಲ್ಲ. ಅಂಗಡಿ ಬೀದಿ ಮುಗಿಯುವ ತನಕ ಅಳು ತಡೆದುಕೊಂಡಳು. ಡೈರಿ ದಾಟಿದ ಮೇಲೆ ಸ್ವಲ್ಪ ಅತ್ತಳು. ಸೀರೆಯ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. ಅಮ್ಮ ನೋಡಿದ್ದರೆ ಬೆನ್ನು ಪುಡಿಯಾಗುತ್ತಿತ್ತು.

ಏರಿಯ ಮೇಲೆ ಬಂದಾಗ ಕೆಳಗಿನ ಹೊಲದಲ್ಲಿ ಮಂದೆ ಕಂಡಿತು. ದಿನಾ ಇಲ್ಲಿಗೆ ಬಂದರೆ ಕೆಂಚಿಯ ಕಾಲು ನಿಲ್ಲುತ್ತಿರಲಿಲ್ಲ. ಹರ್ಷಿತಾ ಅದರ ಹಗ್ಗ ಬಿಚ್ಚಿದಳು.

"ಹೋಗು, ತಾಯಿ. ಹೋಗಿ ಸೇರ್ಕೊ."

ಕೆಂಚಿ ಕತ್ತು ಒದರಿತು. ರಿಬ್ಬನ್ ಕಳಚಿ ಬಿತ್ತು. ಅದು ಒಂದು ಹೆಜ್ಜೆ ಮುಂದಿಟ್ಟು, ಏರಿಯ ಬದಿಯ ಹಸಿ ಗರಿಕೆಗೆ ಬಾಯಿ ಹಾಕಿತು. ಕರಕರ ಮೇಯತೊಡಗಿತು.

ಹರ್ಷಿತಾ ಕಾದಳು. ಈಗ ಓಡುತ್ತದೆ, ಇನ್ನೇನು ಓಡುತ್ತದೆ. ಕೆಂಚಿ ಓಡಲಿಲ್ಲ. ಹರ್ಷಿತಾ ಏರಿಯ ಕಲ್ಲಿನ ಮೇಲೆ ಕೂತಳು.

ತುಂಬ ಹೊತ್ತಿನ ಮೇಲೆ ಭುವನಾ ಏದುಸಿರು ಬಿಡುತ್ತಾ ಬಂದಳು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಲಾಡು.

"ಮಿಸ್ ಕೊಟ್ರು, ನಿಂಗೆ. ಡೈಲಾಗ್ ಇಲ್ಲಿಗೆ ಕೇಳಿಸ್ತೇನೆ?"

"ಮೈಕಿನ ಗಲಾಟೆ ಕೇಳಿಸ್ತು."

"ಥೂ, ಹೋಗೇ!" ಎಂದು ಭುವನಾ ನಕ್ಕಳು. ಆಮೇಲೆ ಹಗ್ಗವಿಲ್ಲದ ಕೆಂಚಿಯನ್ನು ನೋಡಿದಳು, ಹೊಲದ ಕಡೆ ನೋಡಿದಳು. "ಮಂದೆ ಅಲ್ಲೇ ಐತಲ್ಲೇ. ಇದು ಯಾಕೆ ಇಲ್ಲಿ ನಿಂತೈತೆ?"

ಕೆಂಚಿ ತಲೆ ಎತ್ತಿತು. ಒಂದು ಕಿವಿ ಹೊಲದ ಕಡೆ, ಒಂದು ಕಿವಿ ಇವರ ಕಡೆ. ಆಮೇಲೆ ಮತ್ತೆ ಹುಲ್ಲಿಗೆ ಬಗ್ಗಿತು.

ಹರ್ಷಿತಾ ಲಾಡು ಮುರಿದು ಅರ್ಧ ಭುವನಾಗೆ ಕೊಟ್ಟಳು. ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಜಾಗ ಮಾಡಿದಳು.

"ಮೇಯ್ಲಿ ಬುಡು," ಎಂದಳು. "ಅದಕ್ಕೇನೂ ಅರ್ಜೆಂಟಿಲ್ಲ."