ಭಾವ ಕಾಣೆಯಾದ ಪ್ರಕರಣ

ಹೊಸ ರಬ್ಬರಿನ ವಾಸನೆ ಬಂದರೆ ಇನ್‌ಸ್ಪೆಕ್ಟರಿಗೆ ಈಗಲೂ ಬಾಲ್ಯದ ಹೊಟ್ಟೆನೋವು ನೆನಪಾಗುತ್ತದೆ. ನೋವಿಗಿಂತ ಹೆಚ್ಚಾಗಿ, ಸೋದರತ್ತೆ ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಹೊಟ್ಟೆಯ ಮೇಲಿಟ್ಟು, "ಇವತ್ತು ಶಾಲೆ ಬೇಡ ಬಿಡು" ಎನ್ನುತ್ತಿದ್ದ ಬೆಳಗುಗಳು. ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಅದೇ ವಾಸನೆ ಠಾಣೆಯೊಳಗೆ ಬಂದಾಗ ಅವರು ತಲೆಯೆತ್ತಿದರು. ಎದುರಿಗೆ ನಿಂತಿದ್ದ ಹೆಂಗಸು ಚೀಲದಿಂದ ಒಂದು ಕೈಯನ್ನು ತೆಗೆದು ಮೇಜಿನ ಮೇಲಿಟ್ಟರು. ಭುಜದಿಂದ ಬೆರಳಿನವರೆಗೆ ಪೂರ್ತಿ ಕೈ.

ದಫೇದಾರರ ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು.

"ಗಾಬರಿ ಬೇಡ, ರಬ್ಬರ್‌ದು. ಇದು ಬದಲಿ ಕೈ. ಇಂಜೆಕ್ಷನ್ ಚುಚ್ಚಿ ಚುಚ್ಚಿ ಹಳೇದು ತೂತಾದ್ರೆ ಹಾಕೋಕೆ ಇಟ್ಟಿದ್ವಿ. ಈಗ ಇದೊಂದೇ ಉಳಿದಿರೋದು. ಭಾವ ಇಲ್ಲ."

"ಯಾರ ಭಾವ?"

"ಎಲ್ಲರ ಭಾವ ಸರ್."

ಆಕೆ ದೊಡ್ಡಾಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಕಾಣೆಯಾದದ್ದು ಅಭ್ಯಾಸದ ಕೋಣೆಯಲ್ಲಿ ಮಲಗಿರುತ್ತಿದ್ದ ಆಳೆತ್ತರದ ಗೊಂಬೆ. ಕಾಲೇಜಿನ ಹುಡುಗಿಯರು ಸೂಜಿ ಹಾಕುವುದು, ನಳಿಕೆ ಇಳಿಸುವುದು, ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಮೊದಲು ಕಲಿಯುವುದು ಅದರ ಮೇಲೆ.

"ಭಾವ ಅಂತ ಯಾಕೆ ಹೆಸರು?"

"ಮಲಗಿದ ಜಾಗದಿಂದ ಏಳಲ್ಲ. ಎಲ್ಲರ ಕೈಲೂ ಸೇವೆ ಮಾಡಿಸ್ಕೊಳ್ತಾನೆ. ಒಂದು ದಿನ ಥ್ಯಾಂಕ್ಸ್ ಅಂದಿಲ್ಲ. ಹುಡುಗೀರು ಇಟ್ಟಿದ್ದು."

ಹೆಂಡತಿಗೆ ಮೂವರು ತಂಗಿಯರಿದ್ದ ದಫೇದಾರರು ತಲೆ ತಗ್ಗಿಸಿ ಎಫ್‌ಐಆರ್ ಬರೆಯಲು ಕುಳಿತರು.

"ಗೊಂಬೆ ಯಾರಿಗೆ ಬೇಕು?" ಇನ್‌ಸ್ಪೆಕ್ಟರ್ ಕೇಳಿದರು. "ಬೇಕು ಅಂತ ಯಾರಾದ್ರೂ ಕೇಳಿದ್ರಾ?"

ಟ್ಯೂಟರ್ ರಬ್ಬರ್ ಕೈಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಕೇಳಿದ್ರು. ದೂರಶಿಕ್ಷಣದಲ್ಲಿ ನರ್ಸಿಂಗ್ ಪಾಸಾದ ಕೆಲವರು. ಒಬ್ಬಳು ನಮ್ಮ ಆಸ್ಪತ್ರೆ ಆಯಾನೇ. ಓದಿನ ಪರೀಕ್ಷೆ ಎಲ್ಲ ಒಳ್ಳೆ ಅಂಕದಲ್ಲಿ ಮುಗಿಸಿದಾಳೆ. ಆದ್ರೆ ನರ್ಸಿಂಗ್ ಕೌನ್ಸಿಲ್‌ನೋರು ಲೈಸೆನ್ಸ್ ಕೊಡಬೇಕಾದ್ರೆ ಕೈಕೆಲಸದ ಪರೀಕ್ಷೆ ಬೇರೆ ಪಾಸಾಗಬೇಕು."

"ಆಸ್ಪತ್ರೆಲಿ ಅಭ್ಯಾಸ ಮಾಡಬಹುದಲ್ಲ?"

"ಲೈಸೆನ್ಸ್ ಇಲ್ಲದವರು ರೋಗಿಗೆ ಸೂಜಿ ಮುಟ್ಟಿಸೋ ಹಾಗಿಲ್ಲ ಸರ್."

"ನಿಮ್ಮ ಗೊಂಬೆ ಮೇಲೆ?"

"ಅದು ನಮ್ಮ ಕಾಲೇಜಿಗೆ ಸೇರಿದವರಿಗೆ ಮಾತ್ರ."

"ಅಂದ್ರೆ ಕೆಲಸ ಕಲಿಯೋಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಸಿಗೋಕೆ ಕೆಲಸ ಬರಬೇಕು."

"ಹಾಗೆ ಕೇಳಿದ್ರೆ... ಹೌದು," ಎಂದ ಟ್ಯೂಟರ್ ಸೆರಗಿನ ಅಂಚನ್ನು ಸರಿಮಾಡಿಕೊಂಡರು. "ನಿಯಮ ಮಾಡಿದ್ದು ನಾನಲ್ಲ ಸರ್. ಆದ್ರೆ ಭಾವ ಹೋದ್ರೆ ಕೇಳೋದು ನನ್ನನ್ನ."

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್, ದಫೇದಾರರು ಮತ್ತು ಮಹಿಳಾ ಪೇದೆ ಅಭ್ಯಾಸದ ಕೋಣೆಗೆ ಹೋಗಿ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ, ಬೆಳಿಗ್ಗೆ ಗುಡಿಸುವ ಹೊತ್ತಿನಲ್ಲಿ ಬಾಗಿಲು ತೆರೆದೇ ಇರುತ್ತದೆ. ಸೋಮವಾರ ಅಭ್ಯಾಸದ ತರಗತಿ ಇರದ ಕಾರಣ ಯಾರೂ ಗಮನಿಸಿರಲಿಲ್ಲ. ಬೆರಳಚ್ಚು ಸಿಗಲಿಲ್ಲ. ಬಂದವರು ಕೈಗವಸು ಹಾಕಿಕೊಂಡಿದ್ದರು, ಬಳಸಿದ ಮೇಲೆ ಅದನ್ನು ಆಸ್ಪತ್ರೆ ಕಸದ ಕೆಂಪು ಡಬ್ಬಿಯಲ್ಲೇ ಹಾಕಿ ಹೋಗಿದ್ದರು.

"ಸರ್, ಹಾಸಿಗೆ ನೋಡಿ," ಎಂದಳು ಪೇದೆ. "ನಮ್ಮನೇಲಿ ಎದ್ದವರೇ ಮಡಚಲ್ಲ. ಕಳ್ಳ ಮಾಲು ಹೊತ್ಕೊಂಡು ಹೋಗೋ ಮುಂಚೆ ಹಾಸಿಗೆ ಹಾಸಿ ಹೋಗಿದಾನೆ!"

ನಿಜ. ಭಾವ ಮಲಗುತ್ತಿದ್ದ ಮಂಚದ ಮೇಲೆ ಹೊಸ ಬೆಡ್‌ಶೀಟು ತಮಟೆಯ ಚರ್ಮದ ಹಾಗೆ ಬಿಗಿಯಾಗಿತ್ತು. ನಾಲ್ಕು ಮೂಲೆಗಳೂ ಲಕೋಟೆಯಂತೆ ಮಡಚಿದ್ದವು. ದಿಂಬಿನ ಚೀಲದ ತೆರೆದ ಬಾಯಿ ಬಾಗಿಲಿಗೆ ಬೆನ್ನು ಹಾಕಿ ಕಿಟಕಿಯ ಕಡೆಗಿತ್ತು. ಟ್ಯೂಟರ್ ಆ ದಿಂಬನ್ನೇ ನೋಡುತ್ತ ನಿಂತರು.

"ಏನಾದ್ರೂ ಹೊಳೀತಾ?"

"ಏನಿಲ್ಲ ಸರ್," ಎಂದು ಅವರು ಕಿಟಕಿಯ ಹೊರಗೆ ನೋಡಿದರು.

ಗೇಟಿನ ಕಾವಲುಗಾರನಿಗೆ ಹೊಳೆದದ್ದು ಬಹಳ.

"ನಿನ್ನೆ ಬೆಳಿಗ್ಗೆ ಒಬ್ಬರು ಯಜಮಾನರು ಡಿಸ್ಚಾರ್ಜ್ ಆಗಿ ಹೋದ್ರು ಸರ್. ವೀಲ್‌ಚೇರ್‌ನಲ್ಲಿ. ಕುತ್ತಿಗೆವರೆಗೂ ಕಂಬಳಿ, ಮೂತಿಗೆ ಮಾಸ್ಕು, ತಲೆಗೆ ಟೋಪಿ. ವಯಸ್ಸಾದ ಅಮ್ಮ ಒಬ್ಬರು ತಳ್ತಾ ಇದ್ರು. ಪಾಪ ಅಂತ ನಾನೇ ಹೋಗಿ ಟ್ಯಾಕ್ಸಿಗೆ ಹತ್ತಿಸಿದೆ."

"ನೀನೇ ಹತ್ತಿಸಿದ್ಯಾ?"

"ಕಾಲು ಹಿಡಿದಿದ್ದೇ ನಾನು. ತಣ್ಣಗಿತ್ತು. ರಕ್ತ ಕಡಿಮೆ ಇರಬೇಕು ಅಂದ್ಕೊಂಡೆ. ಹುಷಾರಾಗಿ ಹೋಗಿಬನ್ನಿ ಯಜಮಾನ್ರೇ ಅಂದೆ, ಒಂದು ಮಾತು ಆಡ್ಲಿಲ್ಲ. ದೊಡ್ಡ ಮನುಷ್ಯರು, ಬಿಗುಮಾನ ಅಂತ ಸುಮ್ಮನಾದೆ." ಅವನು ಪೇದೆಯ ಮುಖ ನೋಡಿದ. "ಯಾಕಮ್ಮ ನಗ್ತೀರಾ? ತೀರಿಕೊಂಡ್ರಾ?"

ಪೇದೆ ಗೇಟಿನ ಕಂಬದ ಹಿಂದೆ ಹೋಗಿ ನಕ್ಕು ಮುಗಿಸಿ ಬಂದಳು.

ದಿಂಬಿನ ವಿಚಾರ ಬಿಡಿಸಿದವರು ಹೆಂಗಸರ ವಾರ್ಡಿನ ಹಿರಿಯ ನರ್ಸ್. "ಈಗ ಯಾರು ಹಾಗೆ ಹಾಕ್ತಾರೆ ಸರ್? ಬಾಗಿಲಿಂದ ಬಂದವರ ಕಣ್ಣಿಗೆ ದಿಂಬಿನ ಹೊಲಿಗೆ ಕಡೇನೇ ಕಾಣಬೇಕು ಅಂತ ನಮ್ಮ ಪ್ರಾಣ ಹಿಂಡ್ತಿದ್ದವರು ಒಬ್ಬರೇ, ದೊಡ್ಡಕ್ಕ. ಮೊದಲು ಇಲ್ಲಿ ಮೇಟ್ರನ್ ಆಗಿದ್ರು. ಬಾಯಿ ಈ ಕಡೆ ಇತ್ತೋ, ಮಲಗಿದ ರೋಗಿನೇ ಎಬ್ಬಿಸಿ ಮತ್ತೆ ಹಾಸಿಸೋರು." ಆಮೇಲೆ ಆಕೆ ನಾಲಿಗೆ ಕಚ್ಚಿಕೊಂಡರು. "ಯಾಕೆ ಸರ್, ಅವರಿಗೇನಾಯ್ತು?"

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡಕ್ಕನ ಮನೆಯ ಬಾಗಿಲು ತೆರೆದದ್ದು ಸೊಸೆ.

"ಅತ್ತೆ ವಾಕಿಂಗ್ ಹೋಗಿದಾರೆ."

"ಎಲ್ಲಿಗೆ?"

"ಇಸ್ತ್ರಿ ಅಂಗಡಿ ಮಹಡಿಗೆ."

"ಮಹಡಿ ಮೇಲೆ ವಾಕಿಂಗಾ?"

"ಬಿಪಿ ಮಿಷನ್ನು, ಎರಡು ಬೆಡ್‌ಶೀಟು ತಗೊಂಡು ವಾಕಿಂಗ್ ಹೋಗ್ತಾರೆ ಸರ್. ನಾನು ಏನೂ ಕೇಳಲ್ಲ. ಕೇಳಿದ್ರೆ ನನ್ನ ಬಿಪಿನೂ ನೋಡ್ತಾರೆ, ಉಪ್ಪು ಕಮ್ಮಿ ಮಾಡು ಅಂತಾರೆ."

ಇಸ್ತ್ರಿಯವನು ಪೊಲೀಸರನ್ನು ನೋಡಿದವನೇ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು, ಮೆಟ್ಟಿಲಿಗೆ ಅಡ್ಡವಾಗಿದ್ದ ಬಟ್ಟೆಯ ಗಂಟನ್ನು ಸರಿಸಿ ದಾರಿ ಬಿಟ್ಟ. ಮೇಲಿನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ದನಿಗಳು ಕೇಳುತ್ತಿದ್ದವು.

"ಮೌನವ್ರತನಾ? ಏನು ಮಾಡ್ತೀಯ ಅಂತ ರೋಗಿಗೆ ಹೇಳೋದಿಲ್ವಾ?"

"ಭಾವ... ಈಗ ನಿಮ್ಮ ಮೂಗಿಂದ ಒಂದು ನಳಿಕೆ ಇಳಿಸ್ತೀನಿ. ಊಟ ಹೋಗೋಕೆ. ಸ್ವಲ್ಪ ಕಷ್ಟ ಆಗುತ್ತೆ."

"ಹಾಂ. ಮಾತಾಡ್ತಾ ಮಾಡು. ಕೈಗೆ ನಡುಗೋದು ಮರೆತುಹೋಗುತ್ತೆ."

ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿದರು. ಬೆಂಚುಗಳನ್ನು ಜೋಡಿಸಿ ಮಾಡಿದ ಮಂಚದ ಮೇಲೆ ಭಾವ ಒಗೆದ ಅಂಗಿ ತೊಟ್ಟು ರಾಜನಂತೆ ಒರಗಿದ್ದ. ಹಿಮ್ಮಡಿ ಸವೆಯದಿರಲೆಂದು ಕಾಲಿನ ಕೆಳಗೆ ಮಡಚಿದ ಟವೆಲು. ಸುತ್ತ ಕಲಿಯಲು ಬಂದ ನಾಲ್ವರು ಹೆಂಗಸರು, ಒಬ್ಬ ಆಂಬುಲೆನ್ಸ್ ಚಾಲಕ. ನಳಿಕೆ ಹಿಡಿದು ನಿಂತಿದ್ದವಳು ಆಯಾ, ನಲವತ್ತು ದಾಟಿದವಳು. ಖಾಕಿ ಕಂಡದ್ದೇ ನಳಿಕೆ ಕೆಳಗೆ ಬಿತ್ತು.

"ಎತ್ತಬೇಡ. ಬಿದ್ದಿದ್ದು ಬಿದ್ದ ಹಾಗೆ, ಬೇರೆ ತಗೋ," ಎಂದರು ತುದಿಯಲ್ಲಿ ಊರುಗೋಲು ಹಿಡಿದು ಕುಳಿತಿದ್ದ ದೊಡ್ಡಕ್ಕ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಬಾಪ್ಪ. ಒಂದು ದಿನ ಬೇಗ ಬಂದ್ಬಿಟ್ಟೆ."

"ಅಮ್ಮಾ, ಈ ಗೊಂಬೆ..."

"ನಾನೇ ತಂದೆ. ಇವರಿಗೆ ಗೊತ್ತಿಲ್ಲ. ಹಳೇದು, ಕಾಲೇಜಿನವರು ಬಿಸಾಡಿದ್ದು ಅಂತ ಹೇಳಿದೀನಿ."

ಆಯಾಳ ಮುಖ ಬಿಳುಚಿತು. "ಅಕ್ಕಾ! ಕದ್ದಿದ್ದಾ?"

"ಬಾಯಿಮುಚ್ಚು. ನಿಂಗೆ ನಾಳೆ ಪರೀಕ್ಷೆ."

ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ವಿಚಾರಿಸಿದರು. ಎಲ್ಲರ ಮಾತೂ ಒಂದೇ. ಆಯಾಳ ಸರದಿ ಬಂದಾಗ ಅವಳು ಅತ್ತಳು, ಅಳುತ್ತಲೇ ಉತ್ತರ ಕೊಟ್ಟಳು.

"ಪರೀಕ್ಷೆ ಎಷ್ಟನೇ ಸಲ?"

"ಮೂರನೇದು ಸರ್. ಮೂರೇ ಸಲ ಬಿಡೋದು. ಆಮೇಲೆ ಓದಿದ್ದೆಲ್ಲ ಹೋದ ಹಾಗೆ, ಮತ್ತೆ ಮೊದಲಿಂದ. ಎರಡು ಸಲನೂ ಈ ನಳಿಕೆಲೇ ಹೋಯ್ತು. ಪುಸ್ತಕದಲ್ಲಿ ಪುಟಗಟ್ಟಲೆ ಬಾಯಿಪಾಠ ಬರುತ್ತೆ. ಕೈಲಿ ಹಿಡಿದಿದ್ದು ಮಾತ್ರ ಪರೀಕ್ಷೆ ದಿನವೇ ಮೊದಲು."

"ಓದಿದ್ದು ಯಾವಾಗ?"

"ಮಗಳ ಜೊತೆ. ಅವಳಿಗೂ ನನಗೂ ಒಂದೇ ವರ್ಷ ಪರೀಕ್ಷೆ. ಕಾಪಿ ಹೊಡೀಬೇಡಮ್ಮ, ಮರ್ಯಾದೆ ಹೋಗುತ್ತೆ ಅಂತ ನನಗೆ ಬುದ್ಧಿ ಹೇಳ್ತಿದ್ಲು." ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಇನ್‌ಸ್ಪೆಕ್ಟರ್ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಮಾಲನ್ನು ಈಗಲೇ ವಶಕ್ಕೆ ತೆಗೆದುಕೊಳ್ಳಬೇಕು. ಅದರಲ್ಲಿ ಎರಡು ಮಾತಿಲ್ಲ. ತೆಗೆದುಕೊಂಡರೆ ನಾಳೆ ಈ ಹೆಂಗಸು ಮೂರನೇ ಸಲವೂ ಕೈ ನಡುಗಿಸಿಕೊಂಡು ಬರುತ್ತಾಳೆ.

"ದಫೇದಾರ್ರೇ, ಜಪ್ತಿ ಪಂಚನಾಮೆಲಿ ಮಾಲಿನ ಸ್ಥಿತಿ ಬರೀಬೇಕಲ್ವಾ?"

"ಬರೀಬೇಕು ಸರ್. ಸುಸ್ಥಿತಿಲಿದೆ ಅಂತ ಬರೆದ್ರೆ ಆಯ್ತು."

"ನೋಡದೇ ಹೇಗೆ ಬರೀತೀರಿ? ರೇಡಿಯೋ ಜಪ್ತಿ ಮಾಡಿದಾಗ ಹಾಡಿಸಿ ನೋಡ್ಲಿಲ್ವಾ? ಇವನ ಮೂಗು ಕೆಲಸ ಮಾಡುತ್ತಾ, ಕೈ ಕೆಲಸ ಮಾಡುತ್ತಾ, ಮಗ್ಗುಲಾಗ್ತಾನಾ, ಎಲ್ಲ ಪರೀಕ್ಷೆ ಮಾಡಿಸಿ. ಒಂದೊಂದೂ. ಅವಸರ ಬೇಡ. ಮಾಲು ಗುರುತಿಸೋಕೆ ದೂರುದಾರರನ್ನೂ ಕರೆಸಿ."

ದಫೇದಾರರು ಅವರನ್ನೇ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. "ನಳಿಕೆ ಒಂದು ಸಲ ಇಳಿಸಿದ್ರೆ ಸಾಲಲ್ಲ ಸರ್. ನನಗೆ ಸರಿಯಾಗಿ ಕಾಣಬೇಕಲ್ಲ. ಕನ್ನಡಕ ಬೇರೆ ಹಳೇದು."

ಹನ್ನೊಂದಕ್ಕೆ ಟ್ಯೂಟರ್ ಬಂದರು, ಮುಖ ಕೆಂಪಗಿತ್ತು. ಭಾವನನ್ನು ಗುರುತಿಸಿದರು. ದೊಡ್ಡಕ್ಕನ ಕಡೆ ತಿರುಗಿ, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದರು.

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ. ಅಂದು ಆಮೇಲೆ ನಿದ್ದೆ ಕೆಡಿಸ್ಕೊಳ್ತಿದ್ದೆ. ನೀನು ಹಾಗೇ, ನನ್ನ ವಾರ್ಡಿಗೆ ಕಲಿಯೋಕೆ ಬಂದ ಮೊದಲ ವರ್ಷದಿಂದ."

"ಕೆಲಸ ಹೋಗಿದ್ರೆ?"

"ಅದಕ್ಕೇ ಕದ್ದಿದ್ದು. ಕೊಟ್ಟಿದ್ರೆ ನಿನ್ನ ತಪ್ಪು. ಕದ್ರೆ ನನ್ನದು."

ಟ್ಯೂಟರ್ ಮುಖ ತಿರುಗಿಸಿ ಗೋಡೆಗೊರಗಿ ಕೈಕಟ್ಟಿ ನಿಂತರು. ಆಯಾ ದಫೇದಾರರಿಗಾಗಿ ನಳಿಕೆ ಇಳಿಸುತ್ತಿದ್ದಳು. ಮೂಗಿನ ತುದಿಯಿಂದ ಕಿವಿಗೆ, ಕಿವಿಯಿಂದ ಎದೆಗೂಡಿನ ಕೆಳಗೆ ಅಳೆದಳು. ಭಾವನಿಗೆ ಧೈರ್ಯ ಹೇಳಿದಳು. ನಳಿಕೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮತ್ತೊಮ್ಮೆ, ಮತ್ತೆ ಸಿಕ್ಕಿಕೊಂಡಿತು. ಮೂರನೆಯ ಸಲಕ್ಕೆ ಗೋಡೆಯ ಕಡೆಯಿಂದ ದನಿ ಬಂತು.

"ಅಯ್ಯೋ, ತಲೆ ಹಿಂದಕ್ಕೇ ಬಿಟ್ಟಿದ್ರೆ ಹೇಗೆ ಹೋಗುತ್ತೆ! ಗಂಟಲು ಮುಟ್ಟಿದ ಮೇಲೆ ಗಲ್ಲ ಎದೆ ಕಡೆಗೆ ಬಾಗಿಸು. ನುಂಗಿ ಅನ್ನು. ಅನ್ನು!"

"ನುಂಗಿ ಭಾವ," ಎಂದಳು ಆಯಾ.

ನಳಿಕೆ ಸರಾಗವಾಗಿ ಇಳಿಯಿತು. ಆಯಾ ತನ್ನ ಕೈಯನ್ನು ತಾನೇ ಬೆರಗಿನಿಂದ ನೋಡಿಕೊಂಡಳು.

"ಇನ್ನೊಂದ್ಸಲ," ಎಂದು ಟ್ಯೂಟರ್ ಕೈಗವಸು ಎಳೆದುಕೊಂಡು ಮಂಚದ ಬಳಿ ಬಂದರು. "ಒಂದ್ಸಲ ಆಗಿದ್ದು ಅದೃಷ್ಟ."

ಪಂಚನಾಮೆ ಸಂಜೆಯವರೆಗೂ ನಡೆಯಿತು. ಇಸ್ತ್ರಿಯವನು ಎರಡು ಸಲ ಎಲ್ಲರಿಗೂ ಚಹಾ ತರಿಸಿದ. ಪಂಚನಾಗಿ ಬಂದಿದ್ದ ಪಕ್ಕದ ಕನ್ನಡಕದ ಅಂಗಡಿಯವನು ದಫೇದಾರರ ಕನ್ನಡಕದ ಸಡಿಲ ತಿರುಪನ್ನು ಬಿಗಿಮಾಡಿ ಕೊಟ್ಟ. ಕೊನೆಗೆ ದಫೇದಾರರು ದಪ್ಪಕ್ಷರದಲ್ಲಿ ಬರೆದರು: ಮಾಲು ಸಂಪೂರ್ಣ ಸುಸ್ಥಿತಿಯಲ್ಲಿದೆ, ಪದೇಪದೇ ಪರೀಕ್ಷಿಸಲಾಗಿದೆ. ದೊಡ್ಡಕ್ಕನಿಗೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹಾಜರಾಗಲು ನೋಟಿಸು ಕೊಡಲಾಯಿತು. ಆ ವೇಳೆಯನ್ನು ಕೇಳಿಕೊಂಡವರು ಅವರೇ. "ಅವಳಿಗೂ ಹತ್ತಕ್ಕೇ ಪರೀಕ್ಷೆ. ಮನೇಲಿ ಕೂತು ಗಡಿಯಾರ ನೋಡೋದು ನನ್ನ ಕೈಲಾಗಲ್ಲ."

ಗುರುವಾರ ಅವರು ಹತ್ತಕ್ಕೆ ಮೊದಲೇ ಬಂದರು. ದಸ್ತಗಿರಿಯ ಕಾಗದಕ್ಕೆ ಸಹಿ ಹಾಕಿದರು. ಮಗ ಬೇರೆ ಊರಿನಿಂದ ಬಂದು ಜಾಮೀನು ಕೊಡುವವರೆಗೆ ಠಾಣೆಯಲ್ಲೇ ಇರಬೇಕಿತ್ತು. ಪೇದೆ ಬೆಂಚನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದಳು.

"ಯಾಕಮ್ಮಾ ಮಾಡಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು. "ನಿಯಮ ತಪ್ಪು ಅಂತಲಾ?"

"ಛೇ, ನಿಯಮ ಸರಿಯಾಗೇ ಇದೆ. ಬರೀ ಪುಸ್ತಕ ಓದಿದವಳು ನನಗೆ ಸೂಜಿ ಚುಚ್ಚೋಕೆ ಬಂದ್ರೆ ನಾನೇ ಓಡಿಹೋಗ್ತೀನಿ. ಆದ್ರೆ ಕಲಿತು ಬಾ ಅಂದವರು ಎಲ್ಲಿ ಕಲಿಯೋದು ಅಂತಾನೂ ಹೇಳಬೇಕಲ್ವಾ?" ಅವರು ಊರುಗೋಲನ್ನು ಮಂಡಿಗೊರಗಿಸಿಕೊಂಡರು. "ಸೊಂಟ ಮುರಿದು ಮಲಗಿದ್ದಾಗ ನನ್ನ ಮೈ ಒರೆಸ್ತಾ ಇದ್ದಳು ಆ ಆಯಾ. ಒಂದು ದಿನ ಮುಖ ನೋಡಿದವಳೇ, ಅಕ್ಕ ನಿಮಗೆ ಸಕ್ಕರೆ ಇಳೀತಿದೆ ಅಂದ್ಲು. ಸರಿಯಾಗೇ ಹೇಳಿದ್ಲು. ಏನು ಮಾಡಬೇಕು ಅನ್ನೋದೂ ಗೊತ್ತಿತ್ತು. ಮುಟ್ಟೋ ಹಾಗಿರಲಿಲ್ಲ. ನರ್ಸನ್ನ ಹುಡುಕ್ಕೊಂಡು ಮೂರು ವಾರ್ಡು ಓಡಿದ್ಲು. ಕಣ್ಣಿಗೆ ಕತ್ತಲೆ ಬರ್ತಾ ಇದ್ರೂ ಅವಳ ಚಪ್ಪಲಿ ಸದ್ದು ಕೇಳ್ತಾ ಇತ್ತು ನನಗೆ. ಅಷ್ಟೇಪ್ಪ. ಅವಳು ಇನ್ನು ಓಡಬಾರದು ಅನ್ನಿಸ್ತು."

ಒಂದೂವರೆಗೆ ಠಾಣೆಯ ಫೋನು ರಿಂಗಾಯಿತು. ದಫೇದಾರರು ಎತ್ತಿದರು, ಕೇಳಿದರು, ಇನ್‌ಸ್ಪೆಕ್ಟರಿಗೆ ಕೊಡುವುದನ್ನೂ ಮರೆತು ಅಲ್ಲಿಂದಲೇ ಕೂಗಿದರು. "ಪಾಸ್! ಮೊದಲನೇ ಸಲಕ್ಕೇ ಇಳೀತಂತೆ! ಅಲ್ಲೇ ಲೈಸೆನ್ಸ್ ನಂಬರೂ ಕೊಟ್ರಂತೆ!"

ಪೇದೆ ಚಪ್ಪಾಳೆ ತಟ್ಟಿದಳು. ಲಾಕಪ್ಪಿನಲ್ಲಿದ್ದ ಜೇಬುಗಳ್ಳ, ವಿಷಯ ಏನೆಂದು ತಿಳಿಯದಿದ್ದರೂ, ತಾನೂ ತಟ್ಟಿದ. ದೊಡ್ಡಕ್ಕ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ಆ ಗದ್ದಲದಲ್ಲಿ ಟ್ಯೂಟರ್ ಒಳಗೆ ಬಂದದ್ದನ್ನು ಯಾರೂ ಗಮನಿಸಲಿಲ್ಲ. ದೂರುದಾರರ ಕುರ್ಚಿಯನ್ನು ದಾಟಿ ಬೆಂಚಿನ ಬಳಿ ಹೋಗಿ, ಆರೋಪಿಯ ಪಕ್ಕದಲ್ಲಿ ಕುಳಿತರು. ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹಬೆಯಾಡುತ್ತಿದ್ದ ಅನ್ನದ ಮೇಲೆ ಚಮಚ ಇಟ್ಟು ದೊಡ್ಡಕ್ಕನ ಕೈಗೆ ಕೊಟ್ಟರು.