ಪಕ್ಕದ ಸೀಟಿನ ತೂಕ

“ಈ ಸಲ ಇಬ್ಬರ ತೂಕಕ್ಕೆ ಸೆಟ್ ಮಾಡಿ,” ಎಂದ ತಗ್ಗು ಕಾರಿನವನು.

ಮರಳಿನ ಚೀಲ ಹಿಡಿದಿದ್ದ ಅವಳಿಗೆ ಎದೆ ಧಸಕ್ಕೆಂದಿತು.

ಸ್ಪ್ರಿಂಗ್ ಬದಲಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿಸಿದ ಕಾರು ಅವನದು. ‘ತಗ್ಗು ಕಾರಿನವನು’ ಎಂಬ ಅಡ್ಡಹೆಸರು ಇಟ್ಟವನು ಅವಳ ಅಣ್ಣ. ಅಣ್ಣನ ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್ ಅವಳ ಪಾಲಿನ ಕೆಲಸ. ಅವಳು ಯಂತ್ರದ ಪರದೆಯ ಅಂಕಿ ನೋಡಿ ಹೇಳಿದಂತೆ ಅಣ್ಣ ಕಾರಿನ ಕೆಳಗಿನ ಗುಂಡಿಯಲ್ಲಿ ನಿಂತು ನಟ್ಟು ತಿರುಗಿಸುತ್ತಾನೆ. ಇಂಥ ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳಬೇಕಾದರೆ, ಓಡಿಸುವವರಷ್ಟೇ ತೂಕದ ಮರಳಿನ ಚೀಲವನ್ನು ಸೀಟಿನ ಮೇಲಿಟ್ಟು ಚಕ್ರದ ಕೋನ ಹೊಂದಿಸಬೇಕು. ಅವನಿಗೆ ಯಾವಾಗಲೂ ಒಂದೇ ಸೀಟಿಗೆ ಚೀಲ. ಪಕ್ಕದ್ದು ಖಾಲಿ.

ಆ ಖಾಲಿ ಸೀಟಿನ ಮೇಲೆ ತಾನು ಎಷ್ಟು ಆಸೆ ಇಟ್ಟುಕೊಂಡಿದ್ದೆನೆಂದು ಅವಳಿಗೆ ತಿಳಿದದ್ದು ಈಗ, ಅದು ಕೈತಪ್ಪಿದ ಮೇಲೆ. ಮದುವೆಯ ಮಾತು ಇನ್ನು ಎತ್ತಬೇಡಿ ಎಂದು ಅತ್ತಿಗೆಯ ಬಾಯಿ ಮುಚ್ಚಿಸಿದ ಹೆಣ್ಣು ಅವಳು. ಈ ವಯಸ್ಸಿನಲ್ಲಿ ಇದೆಂಥ ಆಸೆ?

ಮುಖ ತೋರಿಸದೆ, ಪಕ್ಕದಲ್ಲಿ ಕೂರುವವರ ತೂಕ ಎಷ್ಟೆಂದು ಕೇಳಿದಳು. ಗೊತ್ತಿಲ್ಲವೆಂದ. ಅಂದಾಜಾದರೂ ಹೇಳಿ ಎಂದದ್ದಕ್ಕೆ, ಹೆಂಗಸರ ತೂಕ ಅಂದಾಜು ಮಾಡುವ ಧೈರ್ಯ ತನಗಿಲ್ಲವೆಂದು ನಕ್ಕ.

ಅವಳಿಗೆ ರೇಗಿತು. “ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಕೂರಿಸಿ ಸೆಟ್ ಮಾಡ್ತೀನಿ.”

“ಇಲ್ಲೇ ಇದಾರೆ.” ಅವನ ನಗು ಅಡಗಿತ್ತು. “ಚೀಲ ಕೆಳಗಿಡಿ. ನೀವೇ ಕೂತ್ಕೊಳ್ಳಿ.”

ಇಡಬೇಕಾಗಲಿಲ್ಲ, ಚೀಲ ತಾನಾಗಿ ಜಾರಿ ಧೊಪ್ಪನೆ ಬಿತ್ತು. ಪ್ರತಿ ಸಲ ಕೋನ ಸರಿಹೋಗಿ ಕೆಂಪು ಅಂಕಿ ಹಸಿರಾಗುವವರೆಗೂ ತನ್ನ ಹೆಗಲ ಹಿಂದೆ ನಿಂತಿರುತ್ತಿದ್ದವನು ನೋಡುತ್ತಿದ್ದದ್ದು ಪರದೆಯನ್ನಲ್ಲ, ತನ್ನನ್ನೇ?

“ಏನಾದ್ರೂ ಒಂದು ಹೇಳೇ,” ಗುಂಡಿಯಿಂದ ಅಣ್ಣನ ದನಿ ಬಂತು. “ಸ್ಪಾನರ್ ಹಿಡ್ಕೊಂಡು ಹಿಡ್ಕೊಂಡು ಕೈ ಸೋತ್ಹೋಯ್ತು.”

ಅಣ್ಣನಿಗೂ ಗೊತ್ತಿತ್ತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಬಾಯ್ಬಿಟ್ಟ ಜಾಗದಲ್ಲಿ ಅಣ್ಣನೇ ನಿಂತಿದ್ದ.

ಗ್ರೀಸ್ ಕೈಯನ್ನು ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಬಾಗಿಲು ತೆರೆದು, ಬಗ್ಗಿ, ಆ ತಗ್ಗು ಸೀಟಿನಲ್ಲಿ ಕೂತಳು. ಎದುರಿನ ಪರದೆಯ ಅಂಕಿಗಳೆಲ್ಲ ಅಲುಗಿಹೋದವು. ಅವನು ಆ ಕಡೆಯಿಂದ ಬಂದು ತನ್ನ ಜಾಗದಲ್ಲಿ ಕೂತು, ಉಸಿರು ಬಿಗಿಹಿಡಿದು ಅವಳನ್ನೇ ನೋಡಿದ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅಣ್ಣಾ, ನಾನಿಲ್ಲಿ ಕೂತಿರೋ ಲೆಕ್ಕಕ್ಕೇ ಬಿಗಿ ಮಾಡು,” ಎಂದಳು. “ಆಮೇಲೆ ನನ್ನ ಬಿಟ್ಟು ಓಡಿಸಿದ್ರೆ ಕಾರು ಹೇಳಿದ ಮಾತು ಕೇಳಲ್ಲ ಅಂತ ಇವರಿಗೂ ಹೇಳ್ಬಿಡು.”